ಕೆಳಗಾಳಿ ಸಾಲಿನ ಬಿಳಿ ಬಾವುಟ

ದಿಬ್ಬದೂರು
ಫೆಬ್ರವರಿ ೩೧, ೨೨೪೭

ಚಾವಡಿಯ ಗೋಡೆಯ ಹಳೆಯ ಚಿತ್ರದಲ್ಲಿರುವ ಐದು ಮಂದಿ ಹಿರಿಯರಿಗೆ, ಗಾಳಿಗಾವಲಿನ ಹೊನ್ನಾಜಿಯ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಕಾಗದವನ್ನು ಬದಿಗಿಡಬೇಡಿ. ಅಂಥ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲ, ನಮ್ಮದರಲ್ಲೂ ಇಲ್ಲ. ನಮ್ಮೂರ ಸಭೆಯಲ್ಲಿ ಯಾರದಾದರೂ ತಕರಾರು ಬಿದ್ದುಹೋದರೆ, ಅವರು ತೀರಿಹೋದ ಹಿರಿಯರಿಗೆ ಒಂದು ಕಾಗದ ಬರೆಯಬಹುದು. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಊರಿನ ಬೇರೆ ಕಾಗದಗಳ ಜೊತೆ ಅದು ಬೆರೆಯಬಾರದೆಂದು ಇಲ್ಲದ ತಾರೀಖನ್ನು ಹಾಕುವುದು ನಿಯಮ. ಬರೆದವರು ಅದನ್ನು ಮಡಿಸಿ ಚಾವಡಿಯ ಗೂಡಿನಲ್ಲಿಟ್ಟು ಬರಬೇಕು. ಯಾರೂ ತೆಗೆದು ಓದುವುದಿಲ್ಲ. ಸೋತವರಿಗೆ ಇದೊಂದು ಸಮಾಧಾನ ಎಂದು ಸಭೆಯವರು ತಿಳಿದಿದ್ದಾರೆ. ಬಾಯಿ ಮುಚ್ಚಿಸುವ ಸಭ್ಯವಾದ ದಾರಿ ಎಂದು ನಾನು ತಿಳಿದಿದ್ದೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬದುಕಿರುವವರಿಗೆ ಹೇಳಿ ಮುಗಿಯಿತು.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಕಲಿತಿದ್ದೇನೆ, ಆಡಿ ಕಲಿತಿಲ್ಲ. ನಿಮಗೆ ಬೇಕಿಲ್ಲದ ಕೆಲವು ಪದಗಳು ನಮಗೆ ಬೇಕಾದವು, ಅವನ್ನು ನಾವೇ ಮಾಡಿಕೊಂಡೆವು. ಅವು ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ.

ದಿಬ್ಬ ಎಂದರೆ ನೀವು ಬಿಟ್ಟುಹೋದ ಕಸದ ಗುಡ್ಡ. ಕಲ್ಲಿನ ಕ್ವಾರಿ ಖಾಲಿಯಾದ ಮೇಲೆ ಆ ಹೊಂಡಕ್ಕೆ ನೀವು ನಗರದ ಕಸ ತುಂಬಿದಿರಿ. ಹೊಂಡ ಸಾಲದೆ ಅದು ಬೆಟ್ಟವಾಯಿತು. ಮೇಲೆ ಹಾಳೆ ಹೊದಿಸಿ, ಮಣ್ಣು ಹರಡಿ, ಹುಲ್ಲು ಬಿತ್ತಿದಿರಿ. ಆ ಹುಲ್ಲು ಇವತ್ತಿಗೂ ಚೆನ್ನಾಗಿ ಬೆಳೆಯುತ್ತದೆ. ನಮ್ಮ ಕುರಿಗಳು ಅದಕ್ಕೆ ಬಾಯಿ ಹಾಕುವುದಿಲ್ಲ, ನಾವೂ ಬಲವಂತ ಮಾಡುವುದಿಲ್ಲ. ಇಂಥ ಜಾಗದ ಸುತ್ತ ಊರು ಏಕೆ ಕಟ್ಟಿಕೊಂಡಿರಿ ಎಂದು ನೀವು ಕೇಳಬಹುದು. ದಿಬ್ಬ ನಮಗೆ ಉರಿ ಕೊಡುತ್ತದೆ. ಅದರ ಹೊಟ್ಟೆಯೊಳಗೆ ಹುಟ್ಟುವ ಅನಿಲವನ್ನು ಕೊಳವೆಗಳಲ್ಲಿ ಮನೆಮನೆಗೂ ತಂದಿದ್ದೇವೆ. ಮುದ್ದೆಗೆ ಎಸರು ಕುದಿಯುವುದೂ ಬಾಣಂತಿಗೆ ನೀರು ಕಾಯುವುದೂ ಆ ಉರಿಯಲ್ಲೇ. ಜೊತೆಗೆ ಅಗೆತವಿದೆ. ದಿಬ್ಬದ ಪೂರ್ವದ ಮೈಯನ್ನು ಅಗೆದು ನಿಮ್ಮ ಪ್ಲಾಸ್ಟಿಕ್ಕನ್ನು ತೆಗೆಯುತ್ತೇವೆ, ತೊಳೆದು ಕರಗಿಸಿ ಹೆಂಚು ಒತ್ತುತ್ತೇವೆ. ಸುತ್ತಲ ಹತ್ತಾರು ಊರುಗಳ ಮನೆಗಳ ಮೇಲೆ ಇರುವುದು ನಮ್ಮ ಹೆಂಚು. ತೊಳೆಯುವ ತೊಟ್ಟಿಯ ಬಳಿ ಹೆಂಗಸರು ನಿಮ್ಮ ಶಾಂಪೂ ಪೊಟ್ಟಣಗಳ ಮೇಲಿನ ನಗುಮುಖಗಳನ್ನು ನೋಡಿ, ಇವಳು ನಿನ್ನ ಅತ್ತೆ, ಇವಳು ನಿನ್ನ ನಾದಿನಿ ಎಂದು ಒಬ್ಬರನ್ನೊಬ್ಬರು ರೇಗಿಸಿಕೊಳ್ಳುತ್ತಾರೆ. ಕಷ್ಟದ ಊರು ಎಂದು ನಮ್ಮನ್ನು ಯಾರೂ ಕರೆಯುವುದಿಲ್ಲ. ಹೆಣ್ಣು ಕೊಡುವುದಕ್ಕೆ ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಉರಿ ಕೊಡುವ ದಿಬ್ಬ ಬೇರೆಯದನ್ನೂ ಬಿಡುತ್ತದೆ. ಬಣ್ಣ, ಎಣ್ಣೆ, ಔಷಧ, ಬ್ಯಾಟರಿ, ಹೆಸರು ಮರೆತುಹೋದ ಇನ್ನೆಷ್ಟೋ ವಸ್ತುಗಳ ಆವಿ ಮಣ್ಣಿನ ಬಿರುಕುಗಳಿಂದ ಹೊರಗೆ ಬರುತ್ತದೆ. ಅಗೆದಷ್ಟೂ ಹೆಚ್ಚು ಬರುತ್ತದೆ. ಅದಕ್ಕೆ ಬಣ್ಣವಿಲ್ಲ. ವಾಸನೆ ಇದ್ದರೂ ಹುಟ್ಟಿದಾಗಿನಿಂದ ಮೂಸಿದ ಮೂಗಿಗೆ ತಿಳಿಯುವುದಿಲ್ಲ. ಅದಕ್ಕೇ ಗಾಳಿಗಾವಲು ಇರುವುದು. ನಾನು ದಿನವೂ ಬೆಳಿಗ್ಗೆ ಮೂಸುಪೆಟ್ಟಿಗೆಯನ್ನು ಕೈಗಾಡಿಯ ಮೇಲಿಟ್ಟುಕೊಂಡು ದಿಬ್ಬದ ಸುತ್ತಲಿನ ಸಾಲುಮನೆಗಳಿಗೆ ಹೋಗುತ್ತೇನೆ. ಆ ಪೆಟ್ಟಿಗೆ ನೀವು ಬಳಸುತ್ತಿದ್ದ ಅಳತೆಯ ಯಂತ್ರದ ಸಂತಾನ. ಕೊಳವೆಯಿಂದ ಗಾಳಿ ಎಳೆದು, ಅದರಲ್ಲಿ ಆವಿ ಎಷ್ಟಿದೆ ಎಂದು ಮುಳ್ಳಿನಲ್ಲಿ ತೋರಿಸುತ್ತದೆ. ಮುಳ್ಳು ನೋಡಿ ಆ ಸಾಲಿನ ಬಿದಿರು ಗಳುವಿಗೆ ಬಾವುಟ ಏರಿಸುತ್ತೇನೆ. ಬಿಳಿ ಇದ್ದರೆ ಗಾಳಿ ಚೆನ್ನಾಗಿದೆ. ಹಳದಿ ಇದ್ದರೆ ಮಕ್ಕಳೂ ಬಸುರಿಯರೂ ಒಳಗಿರಬೇಕು. ಕೆಂಪು ಇದ್ದರೆ ಸಾಲನ್ನು ಬಿಟ್ಟು ಹೋಗಬೇಕು. ಪೂರ್ವದ ಸಾಲಿಗೆ ಕೆಳಗಾಳಿ ಸಾಲು ಎಂದು ಹೆಸರು, ಏಕೆಂದರೆ ಮುಂಗಾರಿನ ಗಾಳಿ ದಿಬ್ಬವನ್ನು ದಾಟಿ ಅದರ ಮೇಲೆಯೇ ಇಳಿಯುತ್ತದೆ. ನನ್ನ ತಂದೆಯ ಕಾಲದಿಂದ ಆ ಸಾಲಿನ ಗಳುವಿನ ಮೇಲೆ ಬಿಳಿಯನ್ನು ಬಿಟ್ಟು ಬೇರೆ ಬಟ್ಟೆ ಹಾರಿದ್ದನ್ನು ಯಾರೂ ಕಂಡಿರಲಿಲ್ಲ. ಹೋದ ಆಶ್ವಯುಜದವರೆಗೆ.

ಈಗ ನಿಮ್ಮ ಚಿತ್ರದ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಈ ದಿಬ್ಬದ ಗಾಳಿಯನ್ನು ಮೊದಲು ಅಳೆದ ನೀವು ಐವರಿದ್ದೀರಿ. ನಡುವೆ ಮುಚ್ಚಳ ತೆಗೆದ ಯಂತ್ರ, ಅದಕ್ಕೆ ಚೆಂಡುಹೂವಿನ ಹಾರ, ಮೂರು ಗೆರೆ ವಿಭೂತಿ. ನಿಮ್ಮಲ್ಲೊಬ್ಬ ಹೆಣ್ಣುಮಗಳ ಕೈಯಲ್ಲಿ ಸ್ಕ್ರೂಡ್ರೈವರ್ ಇದೆ. ಬೂದುಗುಂಬಳ ಒಡೆಯಲು ಒಬ್ಬರು ಎತ್ತಿ ಹಿಡಿದಿದ್ದಾರೆ. ಗಾಳಿ ಎಳೆಯುವ ಕೊಳವೆಯ ಬಾಯಿಯ ಕೆಳಗೇ ಕರ್ಪೂರದ ತಟ್ಟೆ ಉರಿಯುತ್ತಿದೆ. ಎಲ್ಲರೂ ನಗುತ್ತಿದ್ದೀರಿ. ಆಯುಧಪೂಜೆಯ ದಿನ ಯಂತ್ರಗಳನ್ನು ತೊಳೆದು ಒರೆಸಿ ಪೂಜೆ ಮಾಡುವುದು ನಿಮ್ಮಲ್ಲಿತ್ತು, ನಮ್ಮಲ್ಲೂ ಇದೆ. ವರ್ಷಕ್ಕೊಮ್ಮೆ ಹೇಗೂ ಮುಚ್ಚಳ ತೆಗೆಯುತ್ತೇವಲ್ಲ, ಸೊನ್ನೆಯನ್ನೂ ಅವತ್ತೇ ಕಟ್ಟಿಬಿಡೋಣ ಎಂದು ನಿಮಗೆ ಅನ್ನಿಸಿರಬೇಕು. ನಾನಾಗಿದ್ದರೂ ಹಾಗೆಯೇ ಯೋಚಿಸುತ್ತಿದ್ದೆ.

ಸೊನ್ನೆ ಕಟ್ಟುವುದು ಎಂದರೇನೆಂದು ನಿಮಗೆ ಹೇಳಬೇಕಿಲ್ಲ. ಆದರೆ ಇದನ್ನು ಸಭೆಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಮೂಸುಪೆಟ್ಟಿಗೆಗೆ ತಾನಾಗಿ ಏನೂ ಗೊತ್ತಿಲ್ಲ. ಒಂದು ಗಾಳಿಯನ್ನು ತೋರಿಸಿ, ಇದು ಶುದ್ಧ, ಇದನ್ನು ಸೊನ್ನೆ ಎಂದು ತಿಳಿದುಕೋ ಎಂದು ನಾವೇ ಅದಕ್ಕೆ ಕಲಿಸಬೇಕು. ಆಮೇಲೆ ವರ್ಷವಿಡೀ ಅದು ಬೇರೆ ಗಾಳಿಗಳಲ್ಲಿ ಆ ಸೊನ್ನೆಗಿಂತ ಎಷ್ಟು ಹೆಚ್ಚಿದೆ ಎಂದಷ್ಟೇ ಹೇಳುತ್ತದೆ. ಕರ್ಪೂರ ಮತ್ತು ಸಾಂಬ್ರಾಣಿಯ ಹೊಗೆಗೂ ದಿಬ್ಬದ ಆವಿಗೂ ಆ ಪೆಟ್ಟಿಗೆ ಬೇರೆ ಬೇರೆಯಾಗಿ ಮಿಡಿಯುವುದಿಲ್ಲ. ಕರ್ಪೂರದ ನಡುವೆ ಸೊನ್ನೆ ಕಟ್ಟಿದರೆ, ಅಷ್ಟು ಹೊಗೆಯಿರುವ ಗಾಳಿಯೇ ಶುದ್ಧಗಾಳಿ ಎಂದು ಅದು ತಿಳಿಯುತ್ತದೆ. ದಿಬ್ಬದ ಆವಿ ಆ ಹೊಗೆಯ ಮಟ್ಟವನ್ನು ಮೀರುವವರೆಗೂ ಮುಳ್ಳು ಮೇಲೇಳುವುದಿಲ್ಲ.

ನಮ್ಮೂರಲ್ಲಿ ಪೆಟ್ಟಿಗೆಯ ಪೂಜೆಯ ಹಕ್ಕು ಬೈಲಪ್ಪನವರ ಮನೆಯದು. ಪೂಜೆ, ಸೊನ್ನೆ ಎರಡೂ ನಡೆಯುವುದು ಅವರ ಅಂಗಳದಲ್ಲಿ. ನಿಮ್ಮ ಒಂದು ತಟ್ಟೆ ಕರ್ಪೂರ ಈಗ ಮಡಕೆ ತುಂಬ ಸಾಂಬ್ರಾಣಿಯಾಗಿ, ಗುಗ್ಗುಳವಾಗಿ ಬೆಳೆದಿದೆ. ಹೊಗೆಯಲ್ಲಿ ಪೆಟ್ಟಿಗೆ ಕಾಣಿಸಬಾರದು, ಅಷ್ಟು ಹಾಕಿದರೆ ಪೂಜೆ ಸಾಂಗವಾಯಿತು ಎಂದು ಲೆಕ್ಕ. ಹೊಗೆಯಿಂದ ಕಣ್ಣೊರೆಸಿಕೊಳ್ಳುತ್ತ ಗಾವಲಿನವರು ಸೊನ್ನೆಯ ತಿರುಪನ್ನು ತಿರುಗಿಸುತ್ತಾರೆ. ನನ್ನ ತಂದೆ ತಿರುಗಿಸಿದ್ದರು. ನಾನೂ ತಿರುಗಿಸುತ್ತಿದ್ದೆ, ಅದು ತಪ್ಪು ಎಂದು ನನಗೆ ಎಂದೂ ಹೊಳೆದಿರಲಿಲ್ಲ.

ಹೋದ ಆಶ್ವಯುಜದಲ್ಲಿ, ಪೂಜೆಗೆ ಸ್ವಲ್ಪ ಮುಂಚೆ, ಬೈಲಪ್ಪನವರ ಅಣ್ಣ ತೀರಿಕೊಂಡರು. ಮನೆಗೆ ಸೂತಕ ಬಂತು. ಸೂತಕದಲ್ಲಿ ಪೂಜೆ ಇಲ್ಲ, ಹಕ್ಕು ಅವರದಾದ್ದರಿಂದ ಬೇರೆಯವರು ಮಾಡುವಂತೆಯೂ ಇಲ್ಲ. ಆದರೆ ಮಳೆಯ ನೀರು ಪೆಟ್ಟಿಗೆಯೊಳಗೆ ಇಳಿದಿತ್ತು. ಬಿಚ್ಚಿ ಒರೆಸಲೇಬೇಕಾಯಿತು, ಬಿಚ್ಚಿದ ಮೇಲೆ ಸೊನ್ನೆ ಕಟ್ಟಲೇಬೇಕು. ಹೂವಿಲ್ಲದೆ, ಹೊಗೆಯಿಲ್ಲದೆ, ಅದೇ ಅಂಗಳದಲ್ಲಿ ನಾನೊಬ್ಬಳೇ ಕಟ್ಟಿದೆ. ಮಾರನೆಯ ಬೆಳಿಗ್ಗೆ ಕೆಳಗಾಳಿ ಸಾಲಿಗೆ ಹೋದರೆ ಮುಳ್ಳು ಬಿಳಿಯನ್ನು ದಾಟಿ, ಹಳದಿಯನ್ನು ದಾಟಿ, ಕೆಂಪಿನಲ್ಲಿ ನಿಂತಿತು. ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡು ಪಶ್ಚಿಮದ ಸಾಲಿಗೆ ತಂದೆ. ಅಲ್ಲಿ ಬಿಳಿ. ಮತ್ತೆ ಪೂರ್ವಕ್ಕೆ ಹೋದೆ. ಮತ್ತೆ ಕೆಂಪು. ಕೆಂಪು ಬಾವುಟವನ್ನು ಹುಡುಕಬೇಕಾಯಿತು. ಅದು ಪೆಟ್ಟಿಗೆಯ ಗಾಡಿಯಡಿಯಲ್ಲಿ ಇಲಿ ಕಡಿದು ಬಿದ್ದಿತ್ತು.

ಸಾಲಿನವರು ಗಂಟುಮೂಟೆ ಕಟ್ಟಿಕೊಂಡು ನೆಂಟರ ಮನೆಗಳಿಗೆ ಹೋದರು. ಅಗೆತ ನಿಂತಿತು. ಸೂತಕ ಕಳೆಯುವವರೆಗೂ ನಾನು ದಿನವೂ ಕೆಂಪನ್ನೇ ಏರಿಸಿದೆ. ಶುದ್ಧವಾದ ಮೇಲೆ ಬೈಲಪ್ಪನವರು ತಡವಾದ ಪೂಜೆಯನ್ನು ಇಮ್ಮಡಿ ವಿಜೃಂಭಣೆಯಿಂದ ಮಾಡಿದರು, ಇಮ್ಮಡಿ ಹೊಗೆಯಿಂದ. ನಿಯಮದ ಪ್ರಕಾರ ಆ ಹೊಗೆಯಲ್ಲಿ ಹೊಸದಾಗಿ ಸೊನ್ನೆ ಕಟ್ಟಿದೆವು. ಮಾರನೆಯ ದಿನ ಕೆಳಗಾಳಿ ಸಾಲಿನಲ್ಲಿ ಮುಳ್ಳು ಏಳಲೇ ಇಲ್ಲ. ಬಿಳಿ.

ಆಗ ನನಗೆ ಅರ್ಥವಾಯಿತು. ಊರಿಗೂ ಅರ್ಥವಾಯಿತು. ಎರಡೂ ಅರ್ಥಗಳು ಬೇರೆಬೇರೆ.

ಊರಿಗೆ ಅರ್ಥವಾದದ್ದು ಇದು. ಪೂಜೆ ತಪ್ಪಿತು, ಗಾಳಿ ಕೆಟ್ಟಿತು. ಪೂಜೆ ನಡೆಯಿತು, ಗಾಳಿ ಸರಿಹೋಯಿತು. ಸೂತಕ ಗಾಳಿಗೂ ತಟ್ಟುತ್ತದೆ. ಇನ್ನು ಮುಂದೆ ಪೂಜೆ ಒಂದು ವರ್ಷವೂ ತಪ್ಪಬಾರದೆಂದು ಬೈಲಪ್ಪನವರ ಮನೆಯ ಜೊತೆಗೆ ಇನ್ನೊಂದು ಮನೆಗೂ ಹಕ್ಕು ಕೊಟ್ಟರು. ಗಾಳಿ ಹಿಂದೆಂದಿಗಿಂತಲೂ ಶುದ್ಧವಾಗಿದೆ ಎಂದು ಕೆಳಗಾಳಿ ಸಾಲನ್ನು ಇನ್ನಷ್ಟು ಉದ್ದ ಮಾಡಿ, ಅಗೆತದವರಿಗೆ ಹೊಸ ನಿವೇಶನ ಹಂಚಿದರು. ಅದರಲ್ಲಿ ಒಂದು ನನ್ನ ತಂಗಿ ಮುದ್ದರಂಗಿಗೆ ಬಂತು. ಅವಳಿಗೆ ಅಂಬೆಗಾಲಿಡುವ ಮಗಳಿದ್ದಾಳೆ. ನನ್ನ ತಕರಾರು ಅಲ್ಲಿಂದ ಶುರುವಾಯಿತು, ಇದನ್ನು ಮುಚ್ಚಿಡುವುದಿಲ್ಲ.

ಸಭೆಯಲ್ಲಿ ನಾನು ಮಾಡಿ ತೋರಿಸಿದೆ. ಪೆಟ್ಟಿಗೆಯನ್ನು ಚಾವಡಿಯಲ್ಲಿಟ್ಟು, ಅದರ ಕೊಳವೆಯ ಬಾಯಿಗೇ ಹಿಡಿದು, ಪೂಜೆಯ ಹೊಗೆಯನ್ನೂ ಮೀರುವಂತೆ, ಅಂಗೈಯಗಲ ಕರ್ಪೂರ ಹಚ್ಚಿದೆ. ಮುಳ್ಳು ಮೇಲಕ್ಕೆ ಹೋಯಿತು. ನೋಡಿ, ಇಂಥ ಹೊಗೆಯನ್ನೇ ನಾವು ಸೊನ್ನೆಯಲ್ಲಿ ಮುಚ್ಚಿಡುತ್ತಿದ್ದೇವೆ ಎಂದೆ. ಯಾರೋ ಹಿಂದಿನಿಂದ, ದೇವರ ಕರ್ಪೂರಕ್ಕೂ ಏಳುವ ಮುಳ್ಳನ್ನು ನಂಬಿಕೊಂಡು ಅವತ್ತು ನಾವು ಮನೆ ಬಿಟ್ಟು ಓಡಿದೆವಲ್ಲ ಎಂದರು. ಸಭೆ ನಕ್ಕಿತು. ನಾನು ಮಾಡಿದ ಪರೀಕ್ಷೆ ಕೆಂಪು ಬಾವುಟದ ಭಯವನ್ನು ಕಳೆಯಲು ಕೆಲಸಕ್ಕೆ ಬಂತು, ಇನ್ಯಾವುದಕ್ಕೂ ಬರಲಿಲ್ಲ. ಆಮೇಲೆ ತಕ್ಕಡಿಯ ಉದಾಹರಣೆ ಕೊಟ್ಟೆ. ರಾಗಿ ತೂಗುವ ಮೊದಲೇ ತೂಕದ ಬಟ್ಟಿನ ತಟ್ಟೆಯಲ್ಲಿ ಒಂದು ಕಲ್ಲು ಬಿದ್ದಿದ್ದರೆ ತೂಕ ತಪ್ಪುತ್ತದಲ್ಲ ಎಂದು ಕೇಳಿದೆ. ಇದು ಎಲ್ಲರಿಗೂ ತಿಳಿಯಿತು. ಬೈಲಪ್ಪನವರು ತಲೆಯಲ್ಲಾಡಿಸಿ, ನನ್ನ ಮೇಲೆ ಮಮತೆಯಿಂದಲೇ, “ತಕ್ಕಡೀಗೂ ಪೂಜೆ ಮಾಡ್ತೀವಲ್ಲ ಅಮ್ಮಣ್ಣಿ, ರಾಗಿ ಯಾವತ್ತಾದ್ರೂ ಕಮ್ಮಿ ಬಂದೈತಾ?” ಎಂದರು. ಮತ್ತೆ ನಗು.

ಪೂಜೆ ಬೇಡವೆಂದು ನಾನು ಒಮ್ಮೆಯೂ ಹೇಳಲಿಲ್ಲ. ಬೆಳಿಗ್ಗೆ ಮೊದಲು ಸೊನ್ನೆ ಕಟ್ಟೋಣ, ಇದ್ದಿಲು ತುಂಬಿದ ಗಡಿಗೆಯ ಮೂಲಕ ಎಳೆದ ಗಾಳಿಯಲ್ಲಿ ಕಟ್ಟೋಣ, ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ಬೇಕಾದರೂ ಹೊಗೆ ಹಾಕಿ ಎಂದೆ. ಇಷ್ಟೇ ನನ್ನ ತಕರಾರು. ಇದಕ್ಕೆ ಬಂದ ಉತ್ತರವನ್ನು ಕೇಳಿದರೆ ನಿಮಗೆ ನಗು ಬರುತ್ತದೋ ಅಳು ಬರುತ್ತದೋ ನಾನರಿಯೆ. ಪೂಜೆಯಾಗದ ಯಂತ್ರವನ್ನು ಕೆಲಸಕ್ಕೆ ಹಚ್ಚುವುದು ಹೇಗೆ? ಹೊಸ ಗಾಡಿಯನ್ನು ಪೂಜೆಗೆ ಮೊದಲು ಯಾರಾದರೂ ಓಡಿಸುತ್ತಾರೆಯೇ? ಪೂಜೆ ಮೊದಲು, ಕೆಲಸ ಆಮೇಲೆ. ಸೊನ್ನೆ ಕಟ್ಟುವುದು ಕೆಲಸ. ಹಾಗಾಗಿ ಅದು ಆಮೇಲೆಯೇ ಆಗಬೇಕು. ಈ ವಾದದಲ್ಲಿ ಎಲ್ಲಿಯೂ ಬಿರುಕಿಲ್ಲ. ನಾನು ತಿಂಗಳುಗಟ್ಟಲೆ ಹುಡುಕಿದ್ದೇನೆ.

ಕೊನೆಗೆ ಸಭೆಯ ಯಜಮಾನಿ ಅಕ್ಕಯ್ಯಮ್ಮನವರು ಮಾತಾಡಿದರು. ಅವರು ಮೂರ್ಖರಲ್ಲ. ಬರಗಾಲದಲ್ಲಿ ಊರಿನ ಕೆರೆಯ ನೀರನ್ನು ಮನೆಮನೆಗೆ ಹಂಚಿ, ಒಬ್ಬರ ಜಗಳವೂ ಇಲ್ಲದಂತೆ ದಾಟಿಸಿದವರು. ಅವರೆಂದರು: “ತಪ್ಪಿದಾಗ ಕೆಂಪು, ನಡೆದಾಗ ಬಿಳಿ. ಇಷ್ಟು ನಮ್ ಕಣ್ಗೂ ಕಾಣ್ತು ಕಣಮ್ಮ. ಇದಕ್ಕಿಂತ ಹೆಚ್ಚಿನ ಸಾಬೀತು ನಿನ್ನ ಹತ್ರ ಏನೈತೆ?” ಅವರು ಕಂಡದ್ದೆಲ್ಲ ನಿಜ. ನಾನು ಕಂಡದ್ದೂ ಅದೇ. ಕೆಂಪು ನಿಜ, ಬಿಳಿ ಸುಳ್ಳು ಎಂದು ಹೇಳುವುದಕ್ಕೆ ನನ್ನ ಬಳಿ ಇದ್ದ ಸಾಕ್ಷಿಯೂ ಅವರು ತೋರಿಸಿದ ಸಾಕ್ಷಿಯೇ. ತಕರಾರು ಬಿತ್ತು. ಹಿರಿಯರಿಗೆ ಬರೆದುಕೋ ಎಂದು ಗುಮಾಸ್ತರು ಹಾಳೆ ಕೊಟ್ಟರು.

ಹಾಳೆಯನ್ನು ಹಾಗೇ ಇಟ್ಟು ನಾನು ತಂಗಿಯನ್ನು ನೋಡಲು ಹೋದೆ. ಮನೆ ಮುಗಿಯುತ್ತ ಬಂದಿತ್ತು. ಅವಳು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು, ಮಗು ಹೊಸಲಿನ ಮೇಲೆ ಹೆಂಚಿನ ಚೂರು ಬಡಿಯುತ್ತ ಕೂತಿತ್ತು. ನನ್ನನ್ನು ಕಂಡು, “ಬಂದ್ಯಾ, ಮೂಸೋಕೆ?” ಎಂದಳು. ಚಿಕ್ಕಂದಿನಿಂದ ಅವಳು ನನ್ನನ್ನು ರೇಗಿಸುವುದೇ ಹೀಗೆ. ನಾನು ಸಭೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದೆ. ಅವಳು ಕುಂಚ ನಿಲ್ಲಿಸದೆ ಕೇಳಿದಳು. ಅವಳಿಗೆ ತಕ್ಕಡಿಯ ಉದಾಹರಣೆ ಬೇಕಾಗಲಿಲ್ಲ. ಮೊದಲ ಸಲಕ್ಕೇ ತಿಳಿಯಿತು, ಅದು ನನಗೆ ಅವಳ ಕೈ ನಿಧಾನವಾದದ್ದರಲ್ಲೇ ಗೊತ್ತಾಯಿತು.

“ಅವ್ವ ಇದ್ದಿದ್ದು ಈ ಸಾಲ್ನಾಗೇ ಅಲ್ವಾ ಅಕ್ಕ,” ಎಂದಳು.

ಹೌದು ಎಂದೆ. ನಮ್ಮ ತಾಯಿ ಮದುವೆಯಾಗಿ ಬಂದದ್ದು ಕೆಳಗಾಳಿ ಸಾಲಿಗೆ, ಕೆಮ್ಮಿ ಕೆಮ್ಮಿ ತೀರಿಕೊಂಡದ್ದೂ ಅಲ್ಲೇ. ಅದಕ್ಕೆ ಊರವರು ಮನೆತನದ ಕೆಮ್ಮು ಎಂದು ಹೆಸರಿಟ್ಟಿದ್ದರು.

“ಆಗ ಇಲ್ಲಿ ಬಿಳಿ ಏರಿಸ್ತಿದ್ದೋರು ಅಪ್ಪ.”

ನಾನು ಮಗುವಿನ ಕೈಯಿಂದ ಹೆಂಚಿನ ಚೂರನ್ನು ತೆಗೆದಿಟ್ಟೆ.

“ನಿನ್ನ ಮಾತು ನಿಜ ಅಂತ ನಾನು ಒಪ್ಕೊಂಡ್ರೆ, ಅದನ್ನೂ ಒಪ್ಕೊಬೇಕಾಗ್ತದೆ. ಅವ್ವನ ತಲೆ ಮೇಲೆ ದಿನಾ ಬೆಳಿಗ್ಗೆ ಎದ್ದು ಅಪ್ಪನೇ ಬಿಳಿ ಬಟ್ಟೆ ಕಟ್ಟಿದ್ರು ಅಂತ.”

ಅಪ್ಪನಿಗೆ ಗೊತ್ತಿರಲಿಲ್ಲ ಎಂದೆ. ಅವಳು ಕುಂಚವನ್ನು ಸುಣ್ಣದ ಡಬ್ಬಿಗೆ ಹಾಕಿ, ನನ್ನ ಕಡೆ ತಿರುಗಿ, ದನಿಯೆತ್ತದೆ ಹೇಳಿದಳು: “ಅವ್ರಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಲ್ಲ. ನೀನ್ಯಾಕೆ ಇನ್ನೂ ಏರಿಸ್ತಿದೀಯ?”

ಮುಳ್ಳು ಬಿಳಿ ತೋರಿಸಿದರೆ ಬಿಳಿ ಏರಿಸುವುದು ನನ್ನ ಕೆಲಸ ಎಂದೆ. ಅವಳು ನಗಲಿಲ್ಲ. ಮಗುವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಗೃಹಪ್ರವೇಶಕ್ಕೆ ಬೇಗ ಬಾ, ಹಾಲು ಉಕ್ಕಿಸುವುದು ಸೋದರತ್ತೆಯಿಲ್ಲದ ಮನೆಯಲ್ಲಿ ದೊಡ್ಡಮ್ಮನದೇ ಕೆಲಸ ಎಂದಳು. ಬೇರೆ ಕಡೆ ಅವಳಿಗೆ ನಿವೇಶನವಿಲ್ಲ. ಅದೂ ನನಗೆ ಗೊತ್ತು, ಅವಳಿಗೂ ಗೊತ್ತು.

ಅಂದಿನಿಂದ ಸಭೆಯ ಮೇಲಿನ ನನ್ನ ಸಿಟ್ಟು ಮೊದಲಿನಷ್ಟು ಸುಲಭವಾಗಿಲ್ಲ. ಅವರಿಗೆ ಸೊನ್ನೆಯ ಲೆಕ್ಕ ತಿಳಿಯದೆ ಅಲ್ಲ. ಊರಿನ ಪ್ರತಿ ಮನೆಯಲ್ಲೂ ಒಂದು ಕೆಮ್ಮು ಇದೆ, ಅದಕ್ಕೊಂದು ಮನೆತನದ ಹೆಸರಿದೆ. ನನ್ನ ಸೊನ್ನೆಯನ್ನು ಒಪ್ಪಿದ ಮರುಕ್ಷಣ ಆ ಹೆಸರುಗಳೆಲ್ಲ ಬಿಚ್ಚಿಹೋಗುತ್ತವೆ. ಸತ್ತವರನ್ನು ಎರಡನೆಯ ಸಲ ಸಾಯಿಸಲು ಅವರು ಒಪ್ಪುತ್ತಿಲ್ಲ. ಸಿಟ್ಟು ಇನ್ನೂ ಇದೆ. ಎಲ್ಲಿ ಇಡುವುದೆಂದು ತಿಳಿಯದೆ ನಿಮ್ಮ ಮುಂದೆ ಇಡುತ್ತಿದ್ದೇನೆ, ಏಕೆಂದರೆ ನಿಮ್ಮ ಕಾಲದಲ್ಲಿ ಈ ಸುಳ್ಳು ಬಿಳಿಯ ಕೆಳಗೆ ಇನ್ನೂ ಯಾರೂ ಸತ್ತಿರಲಿಲ್ಲ. ಮುಚ್ಚಳ ತೆಗೆದ ದಿನವೇ ಸೊನ್ನೆ ಕಟ್ಟುವುದು ನಿಮಗೆ ಪದ್ಧತಿಯೂ ಅಲ್ಲ, ಬರೀ ಅನುಕೂಲ. ಅನುಕೂಲವನ್ನು ಬದಲಿಸುವುದಕ್ಕೆ ಯಾವ ಸಭೆಯನ್ನೂ ಕೇಳಬೇಕಿಲ್ಲ. ನೀವು ಐವರಲ್ಲಿ ಒಬ್ಬರು, ತಡಿ, ಹೊಗೆ ಆರಲಿ ಎಂದಿದ್ದರೆ ಸಾಕಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಇನ್ನೂರು ವರ್ಷ ಹಿಂದಕ್ಕೆ ಕೂಗಬೇಕಾಗಿ ಬಂದದ್ದು ನನಗೆ ಅವಮಾನ ಎನ್ನಿಸುತ್ತದೆ.

ನಾಳೆ ಗೃಹಪ್ರವೇಶ. ಹೋಗುತ್ತೇನೆ, ಹಾಲು ಉಕ್ಕಿಸುತ್ತೇನೆ. ಅದಕ್ಕೆ ಮೊದಲು ಎಂದಿನಂತೆ ಪೆಟ್ಟಿಗೆಯನ್ನು ಆ ಸಾಲಿಗೆ ಕೊಂಡೊಯ್ಯುತ್ತೇನೆ. ಮುಳ್ಳು ಎಂದಿನಂತೆ ಬಿಳಿ ತೋರಿಸುತ್ತದೆ. ನಾನು ಬಿಳಿಯನ್ನು ಏರಿಸುವುದಿಲ್ಲ. ಇಲಿ ಕಡಿದ ಕೆಂಪಿಗೆ ತೇಪೆ ಹಾಕಿಟ್ಟಿದ್ದೇನೆ, ಅದನ್ನು ಕಟ್ಟುತ್ತೇನೆ. ನೆಂಟರೆಲ್ಲ ಬಂದ ಹೊತ್ತಿನಲ್ಲಿ ತಂಗಿಯ ಮನೆಯ ಮುಂದೆ ಅದು ಹಾರುತ್ತದೆ. ಮಧ್ಯಾಹ್ನದೊಳಗೆ ಯಾರಾದರೂ ಇಳಿಸುತ್ತಾರೆ. ಗಾವಲಿನ ಕೆಲಸ ನನ್ನಿಂದ ಹೋಗುತ್ತದೆ, ತಂಗಿ ನನ್ನ ಜೊತೆ ಮಾತು ಬಿಡಬಹುದು, ಬಿಡದೆಯೂ ಇರಬಹುದು. ಮಗುವನ್ನು ಎತ್ತಿಕೊಂಡು ಆ ಮನೆಯಿಂದ ಹೊರಗೆ ಬರುವ ಒಂದು ಬೆಳಿಗ್ಗೆಯಾದರೂ ಅವಳಿಗೆ ಸಿಕ್ಕೀತು ಎಂಬಷ್ಟೇ ನನ್ನ ಆಸೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಹೂವು ಹಾಕಿ, ವಿಭೂತಿ ಹಚ್ಚಿ, ಕುಂಬಳಕಾಯಿ ಒಡೆಯಿರಿ, ಚಿತ್ರ ತೆಗೆಸಿಕೊಳ್ಳಿ. ಸೊನ್ನೆಯನ್ನು ಮಾತ್ರ ಇನ್ನೊಂದು ದಿನ, ಹೊಗೆಯಿಲ್ಲದ ಗಾಳಿಯಲ್ಲಿ ಕಟ್ಟಿ. ನನ್ನ ತಂದೆಯ ಕೈಗೆ ಕೆಂಪು ಬಟ್ಟೆ ಬರಲಿ.

ಇತಿ,
ಹೊನ್ನಾಜಿ